ಫೋನೇ ಅನುವಾದ ಮಾಡುತ್ತಲ್ಲ, ಸ್ಪ್ಯಾನಿಷ್ ಯಾಕೆ ಕಲಿತೆ?

ನಾನಿರುವುದು ನ್ಯೂಜೆರ್ಸಿಯಲ್ಲಿ. ಹಗಲು ಆಫೀಸು, ವಾರಕ್ಕೊಂದು ರಾತ್ರಿ ಊರಿನ ಆಂಬ್ಯುಲೆನ್ಸ್‌ನಲ್ಲಿ ಇಎಂಟಿ ಡ್ಯೂಟಿ, ಅಂದರೆ ರೋಗಿ ಇದ್ದಲ್ಲಿಗೇ ಹೋಗಿ ತುರ್ತು ಚಿಕಿತ್ಸೆ ಕೊಡುವ ಕೆಲಸ. ಇಲ್ಲಿ ಎಷ್ಟೋ ಊರುಗಳ ಆಂಬ್ಯುಲೆನ್ಸ್ ಇವತ್ತಿಗೂ ನಮ್ಮಂಥ ಸ್ವಯಂಸೇವಕರಿಂದಲೇ ಓಡುತ್ತದೆ. ಕರೆ ಬರುವ ಎಷ್ಟೋ ಮನೆಗಳಲ್ಲಿ ಆಡುವುದು ಸ್ಪ್ಯಾನಿಷ್, ಆ ಕೆಲಸಕ್ಕೆಂದೇ ಅದನ್ನು ಕಲಿತೆ. ಅಂದಿನಿಂದ ಊರಿಗೆ ಹೋದಾಗ ಅಕ್ಕನ ಮನೆಯಲ್ಲಿ, ಇಲ್ಲಿ ಕನ್ನಡ ಕೂಟದ ಊಟದ ಸಾಲಿನಲ್ಲಿ ಒಂದೇ ಪ್ರಶ್ನೆ: "ಈಗ ಫೋನೇ ಎಲ್ಲ ಅನುವಾದ ಮಾಡುತ್ತಲ್ಲ, ಸುಮ್ನೆ ಯಾಕೆ ಕಷ್ಟಪಟ್ಟೆ?"

ಫೋನ್ ಬಳಸಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಾನೂ ಬಳಸುತ್ತೇನೆ. ಆದರೆ ಉಸಿರು ಸಿಗದವರು ಪೂರ್ತಿ ವಾಕ್ಯ ಆಡುವುದಿಲ್ಲ. ಒಂದು ಪದ ಬರುತ್ತದೆ, ಆಮೇಲೆ ಏದುಸಿರು. ಹಿಂದೆ ಟಿವಿ ಓಡುತ್ತಿರುತ್ತದೆ, ನಾಯಿ ಬೊಗಳುತ್ತಿರುತ್ತದೆ, ರೇಡಿಯೋದಲ್ಲಿ ಕಂಟ್ರೋಲ್ ರೂಮಿನವರು ಕರೆಯುತ್ತಿರುತ್ತಾರೆ. ಆ ಒಂದು ಪದ ನಮ್ಮ ಕಿವಿಗೆ ಬೀಳಬೇಕು.

ನನಗೆ ಇದು ಗೊತ್ತಾಗಿದ್ದು ಒಂದು ಮೂರನೇ ಮಹಡಿಯ ಅಡುಗೆಮನೆಯಲ್ಲಿ. ಡೊಮಿನಿಕನ್ ಅಜ್ಜಿಯೊಬ್ಬರು ಕುರ್ಚಿಯ ತುದಿಯಲ್ಲಿ ಕೂತಿದ್ದರು. "ಫಾತೀಗಾ, ಫಾತೀಗಾ" ಅಂದರು. ನಾನು ಪುಸ್ತಕದಲ್ಲಿ ಓದಿದ ಪ್ರಕಾರ ಅದು ಸುಸ್ತು. ಸುಸ್ತು ಎಷ್ಟು ದಿನದಿಂದ, ಊಟ ಮಾಡಿದ್ರಾ, ಅಂತ ಕೇಳಲು ಹೊರಟೆ. ಜೊತೆಗಿದ್ದ ಹುಡುಗ ಪೋರ್ಟೊರಿಕೊ ಕಡೆಯವರ ಮನೆಯಲ್ಲಿ ಬೆಳೆದವನು. ಅಷ್ಟರಲ್ಲೇ ಆಕ್ಸಿಜನ್ ಸಿಲಿಂಡರ್ ತೆರೆಯುತ್ತಿದ್ದ. ಕೆರಿಬಿಯನ್ ಕಡೆಯ ಸ್ಪ್ಯಾನಿಷ್‌ನಲ್ಲಿ ಫಾತೀಗಾ ಅಂದರೆ ಉಬ್ಬಸ, ಉಸಿರು ಸಿಗದಿರುವುದು. ಆಮೇಲೆ ನೋಡಿದರೆ ಎಲ್ಲ ಕಣ್ಣೆದುರೇ ಇತ್ತು. ಎರಡೂ ಕೈ ಮಂಡಿಗೆ ಊರಿ ಮುಂದಕ್ಕೆ ಬಾಗಿದ್ದರು, ಪ್ರತಿ ಉಸಿರಿಗೂ ಕತ್ತಿನ ನರ ಎದ್ದು ನಿಲ್ಲುತ್ತಿತ್ತು. ಪದದ ಅರ್ಥ ತಪ್ಪಾದಾಗ ಕಣ್ಣೂ ತಪ್ಪು ನೋಡುತ್ತದೆ.

ಈ ಕೆಲಸಕ್ಕೆ ಬರುವ ನಮ್ಮ ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ಪ್ರಶ್ನೆ ಕಲಿಯುವುದು ಸುಲಭ, ಉತ್ತರ ಕಲಿಯಿರಿ. ಆಂಬ್ಯುಲೆನ್ಸ್‌ಗೆ, ಪೊಲೀಸರಿಗೆ ಅಂತ ಮಾಡಿದ ಕಿರುಪುಸ್ತಕಗಳಲ್ಲಿ ಕೇಳುವ ಮಾತು, ಆಜ್ಞೆಯ ಮಾತು ತುಂಬಿರುತ್ತದೆ. ಕೈ ಮೇಲೆತ್ತಿ, ಅಲ್ಲಾಡಬೇಡಿ, ಲೈಸೆನ್ಸ್ ತೋರಿಸಿ. ಅದು ಎರಡು ವಾರದಲ್ಲಿ ಬಾಯಿಗೆ ಬರುತ್ತದೆ. "ದೆಸ್ದೆ ಕ್ವಾಂದೊ?" ಅಂದರೆ ಯಾವಾಗಿನಿಂದ. ಕೇಳಿಬಿಡಬಹುದು. ಎದುರಿನವರು ಪಟಪಟ ಅಂತ ಹೇಳಿದ್ದರಲ್ಲಿ "ಆಯೇರ್" ಅಂದರೆ ನಿನ್ನೆ, "ಅನೋಚೆ" ಅಂದರೆ ನಿನ್ನೆ ರಾತ್ರಿ ಅಂತ ಹೆಕ್ಕಲು ಬಾರದಿದ್ದರೆ ಕೇಳಿ ಏನು ಬಂತು? ಅದಕ್ಕೇ ಮೊದಲ ತಿಂಗಳು ನಾನು ಬೆರಳಲ್ಲಿ ಉತ್ತರಿಸಬಹುದಾದ ಪ್ರಶ್ನೆಗಳನ್ನೇ ಕಲಿತೆ. "ದೋಂದೆ ಲೆ ದ್ವೇಲೆ?" ಎಲ್ಲಿ ನೋಯುತ್ತಿದೆ? "ಸೆನ್ಯಾಲೆ ಕೋನ್ ಎಲ್ ದೇದೊ." ಬೆರಳಿಟ್ಟು ತೋರಿಸಿ. ಹತ್ತರಲ್ಲಿ ನೋವು ಎಷ್ಟು? ಹೌದಾ, ಅಲ್ಲವಾ? ಉಳಿದ ಹೊತ್ತೆಲ್ಲ ಕೇಳಿಸಿಕೊಳ್ಳುವುದಕ್ಕೇ ಕೊಟ್ಟೆ. ಮೆಕ್ಸಿಕೊದವರು, ಈಕ್ವಡಾರ್‌ನವರು, ಡೊಮಿನಿಕನ್ನರು, ಒಬ್ಬೊಬ್ಬರದು ಒಂದೊಂದು ಧಾಟಿ. ಧಾರವಾಡದ ಮಾತು ಮಂಗಳೂರಿನ ಕಿವಿಗೆ ಹೊಸದಾಗಿ ಕೇಳುವ ಹಾಗೆ.

ಕನ್ನಡದವರಿಗೆ ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಇಂಗ್ಲಿಷ್‌ನವರು ತಲೆನೋವು ತಮ್ಮ ಬಳಿ "ಇದೆ" ಅನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ "ಮೆ ದ್ವೇಲೆ ಲಾ ಕಬೇಸಾ": ನನಗೆ ನೋಯುತ್ತದೆ ತಲೆ. ಅದೇ "ನನಗೆ"! ಇಷ್ಟ ಅನ್ನುವುದೂ ಹಾಗೇ, "ಮೆ ಗುಸ್ತಾ", ನನಗೆ ಹಿಡಿಸುತ್ತದೆ. "ಹೋಗ್ತೀನಿ" ಅಂದರೆ ಸಾಕು, ನಾನು ಅಂತ ಬೇರೆ ಹೇಳಬೇಕಿಲ್ಲವಲ್ಲ, ಅಲ್ಲೂ "ವೋಯ್" ಅಂದರೆ ಮುಗಿಯಿತು. ನಮ್ಮ ತ, ದ ಹಾಗೇ ಸಲ್ಲುತ್ತದೆ. ಕ್ಲಾಸಿನಲ್ಲಿದ್ದ ಅಮೆರಿಕನ್ ಗೆಳೆಯರು ತಿಂಗಳುಗಟ್ಟಲೆ ಒದ್ದಾಡಿದ "ತು" ಮತ್ತು "ಉಸ್ತೆದ್" ನಮಗೆ ನೀನು, ನೀವು ಅಷ್ಟೇ. ಎಪ್ಪತ್ತು ದಾಟಿದವರನ್ನು, ರಾತ್ರಿ ಎರಡು ಗಂಟೆಗೆ, ಅವರದೇ ಮನೆಯೊಳಗೆ ನಿಂತು ಏಕವಚನದಲ್ಲಿ ಮಾತಾಡಿಸಿದರೆ ಹೇಗಿರುತ್ತದೆ ಅಂತ ಕನ್ನಡದವರಿಗೆ ಹೇಳಿಕೊಡಬೇಕಾ?

ಆದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಕಲಿಯಲೇಬೇಕು. ಇಲ್ಲಿ ಪೊಲೀಸರು ಒಬ್ಬರನ್ನು ವಶಕ್ಕೆ ತೆಗೆದುಕೊಂಡು ವಿಚಾರಣೆ ಮಾಡುವ ಮೊದಲು ಅವರ ಹಕ್ಕುಗಳನ್ನು ಓದಿ ಹೇಳಬೇಕು. 1966ರ ಮಿರಾಂಡಾ ತೀರ್ಪಿನಿಂದ ಬಂದ ನಿಯಮ ಅದು. ದುಡ್ಡಿಲ್ಲದಿದ್ದರೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ ಅನ್ನುವುದೂ ಅದರಲ್ಲಿದೆ. ಆರೆಗಾನ್‌ನ ಒಂದು ಪ್ರಕರಣದಲ್ಲಿ ಪತ್ತೇದಾರರೊಬ್ಬರು ಉಚಿತಕ್ಕೆ "ಲಿಬ್ರೆ" ಅಂದುಬಿಟ್ಟರು. ಇಂಗ್ಲಿಷ್‌ನಲ್ಲಿ ಫ್ರೀ ಅಂದರೆ ಉಚಿತವೂ ಆಗುತ್ತದೆ, ಬಿಡುವೂ ಆಗುತ್ತದೆ. ಸ್ಪ್ಯಾನಿಷ್‌ನಲ್ಲಿ ಲಿಬ್ರೆ ಅಂದರೆ ಬಿಡುವಾಗಿರುವುದು, ಸ್ವತಂತ್ರ. ಉಚಿತಕ್ಕೆ "ಗ್ರಾತಿಸ್" ಅನ್ನಬೇಕು. ವಕೀಲರು ಬಿಡುವಾಗಿದ್ದರೆ ಸಿಗುತ್ತಾರೆ ಅನ್ನುವ ಹಾಗಾಯಿತು. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಹಾಗೆ ಹಕ್ಕು ಹೇಳಿದ್ದು ಸರಿಯಾಗಿಲ್ಲ ಎಂದಿತು.

ಅದಕ್ಕಿಂತ ನನ್ನ ಎದೆಗೆ ನಾಟಿದ್ದು 1980ರ ಫ್ಲಾರಿಡಾದ ಘಟನೆ. 18 ವರ್ಷದ ಹುಡುಗನನ್ನು ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಮನೆಯವರು "ಇಂತೋಕ್ಸಿಕಾದೊ" ಅಂದರು. ಕ್ಯೂಬಾದವರ ಮಾತಿನಲ್ಲಿ, ತಿಂದದ್ದು ಕುಡಿದದ್ದು ಮೈಗಾಗದೆ ಕಾಯಿಲೆ ಬಿದ್ದಿದ್ದಾನೆ ಅಂತ. ಇಂಗ್ಲಿಷ್ ಕಿವಿಗೆ ಅದು ನಶೆ. ಮಾದಕ ಮದ್ದು ಜಾಸ್ತಿಯಾಗಿದೆ ಅಂತ ಚಿಕಿತ್ಸೆ ನಡೆಯಿತು. ನಿಜದಲ್ಲಿ ಮಿದುಳಿನಲ್ಲಿ ರಕ್ತಸ್ರಾವ ಆಗುತ್ತಿತ್ತು. ಹುಡುಗನ ಕೈಕಾಲಿನ ಸ್ವಾಧೀನ ಪೂರ್ತಿ ಹೋಯಿತು. ಪರಿಹಾರದ ಮೊತ್ತ ಸುಮಾರು 7.1 ಕೋಟಿ ಡಾಲರ್ ಆಗಬಹುದು ಅಂತ ಒಪ್ಪಂದವಾಯಿತು. ಕೈಕಾಲು ಬರಲಿಲ್ಲ.

ಹಾಗಾಗಿ ಆಸ್ಪತ್ರೆಗೆ ಬರಲ್ಲ ಅಂತ ಯಾರಾದರೂ ಸಹಿ ಹಾಕಲು ಹೊರಟರೆ, ನಾನು ನನ್ನ ಸ್ಪ್ಯಾನಿಷ್ ಬದಿಗಿಟ್ಟು ಫೋನಿನಲ್ಲಿ ಅನುವಾದ ಮಾಡುವ ದುಭಾಷಿಯನ್ನು (ಆ್ಯಪ್ ಅಲ್ಲ, ಮನುಷ್ಯರನ್ನೇ) ಕರೆಯುತ್ತೇನೆ. ಅಂಥ ಒಂದು ದೊಡ್ಡ ಸೇವೆ ಶುರುವಾಗಿದ್ದೇ 1982ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಒಬ್ಬ ಪೊಲೀಸ್ ಅಧಿಕಾರಿ ಮತ್ತು ಅವರ ಗೆಳೆಯರಿಂದ. ಅಲ್ಲಿನ ವಿಯೆಟ್ನಾಂ ಜನರ ಮಾತು ಪೊಲೀಸರಿಗೆ ತಿಳಿಯಲಿ ಅಂತ. ಇನ್ನೊಂದು ಮಾತು. ಗ್ವಾಟೆಮಾಲಾದಿಂದ ಬಂದವರೆಲ್ಲ ಸ್ಪ್ಯಾನಿಷ್‌ನವರಲ್ಲ. ಕಿಚೆ, ಮಾಮ್ ಅಂತ ಅವರ ತಾಯ್ನುಡಿಗಳಿವೆ. ಇಂಡಿಯಾದವರು ಅಂದ ಕೂಡಲೇ ನಮ್ಮ ಜೊತೆ ಹಿಂದಿ ಶುರುಮಾಡುತ್ತಾರಲ್ಲ, ಆ ತಪ್ಪು ನಾವು ಮಾಡಬಾರದು. ಮೊದಲು ನಿಮ್ಮ ಭಾಷೆ ಯಾವುದು ಅಂತ ಕೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಅಕ್ಕ ಕೇಳಿದಳು, "ಮನೆಯಲ್ಲಿ ಇಂಗ್ಲಿಷ್ ಬರೋ ಮಕ್ಕಳಿರ್ತಾರಲ್ಲ?" ಇರ್ತಾರೆ. ನಾನು ಕಲಿತದ್ದು ಮುಖ್ಯವಾಗಿ ಅವರಿಗಾಗಿಯೇ.

ಹೋದ ಚಳಿಗಾಲ ಒಂದು ಮನೆಗೆ ಹೋದೆವು. ಬಸುರಿ ತಾಯಿ ಸೋಫಾದ ಮೇಲೆ, ಕೆಳಗೆ ಟವೆಲ್. ನಮಗಿಂತ ಮೊದಲು ಬಂದಿದ್ದ ಪೊಲೀಸರಿಗೆ ಎಂಟೊಂಬತ್ತು ವರ್ಷದ ಮಗಳು ಅನುವಾದ ಮಾಡುತ್ತಿದ್ದಳು. ಎಷ್ಟು ತಿಂಗಳು, ರಕ್ತ ಯಾವಾಗಿನಿಂದ ಹೋಗುತ್ತಿದೆ, ಮುಂಚೆ ಹೀಗಾಗಿತ್ತಾ. ತಾಯಿ ಪ್ರತಿ ಉತ್ತರಕ್ಕೂ ಮಗಳ ಮುಖ ನೋಡಿ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ನಾನು ಪಕ್ಕದಲ್ಲಿ ನೆಲಕ್ಕೆ ಕೂತು, "ಸೆನ್ಯೋರಾ, ಆಬ್ಲೆ ಕೋನ್ಮೀಗೊ" ಅಂದೆ. ನನ್ನ ಹತ್ತಿರ ಮಾತಾಡಿ. ಅವರು ಒಮ್ಮೆ ನನ್ನನ್ನು ನೋಡಿ, ತಗ್ಗಿದ ದನಿಯಲ್ಲಿ ಎಲ್ಲ ಹೇಳಿದರು. ಮಗಳಿಗೆ, "ಅಮ್ಮನ ಶೂ ಎಲ್ಲಿದೆ, ತರ್ತೀಯಾ?" ಅಂದೆ. ಅವಳು ಓಡಿದಳು. ವಾಪಸ್ ಬಂದಾಗ ಕೈಯಲ್ಲಿ ಎರಡು ಜೊತೆ ಇತ್ತು, ಒಂದು ಅಮ್ಮನದು, ಒಂದು ತನ್ನದು.