ಡಬ್ಬ ಇಲ್ಲದ ತಾಜ್‌ಮಹಲ್

2018ರ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿಯಿಂದ ಬಂದ ನನ್ನ ಚಿಕ್ಕಪ್ಪನ ಮಗ ಹಾಲ್ ಮಧ್ಯದಲ್ಲೇ ಸೂಟ್‌ಕೇಸ್ ಬಿಚ್ಚಿ ಕೂತ. ಬಟ್ಟೆ, ಬಾದಾಮಿ, ಶಾಂಪೂ ಬಾಟಲಿಗಳ ಸಂದಿಯಿಂದ ಪ್ಲಾಸ್ಟಿಕ್ ಚೀಲಗಳನ್ನು ಒಂದೊಂದಾಗಿ ಎಳೆದು ನನ್ನ ಮುಂದೆ ಗುಡ್ಡೆ ಹಾಕಿದ. "ಅಣ್ಣಾ, ಒಂದು ಚೀಲಾನೂ ಬಿಟ್ಟಿಲ್ಲ ನೋಡು. ಡಬ್ಬ ಸುಮ್ನೆ ಜಾಗ ತಿನ್ನುತ್ತೆ ಅಂತ ಅಲ್ಲೇ ಕಸಕ್ಕೆ ಹಾಕಿ ಬಂದೆ" ಅಂದ. ದೊಡ್ಡ ಉಪಕಾರ ಮಾಡಿದ ಖುಷಿ ಅವನ ಮುಖದಲ್ಲಿ. ನಾನು ನಕ್ಕೆ. ಬೇರೆ ಏನು ಮಾಡೋಕಾಗುತ್ತೆ, ಪಾಪ, ಅಷ್ಟು ದೂರದಿಂದ ಹೊತ್ತು ತಂದಿದ್ದ.

ಅದು ಲೆಗೊ ತಾಜ್‌ಮಹಲ್, ಅಂದರೆ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಆಟಿಕೆ. ಸೆಟ್ ನಂಬರ್ 10256, ಒಟ್ಟು 5,923 ಪೀಸ್, ಬೆಲೆ 369.99 ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 26 ಸಾವಿರ ರೂಪಾಯಿ. ನಾನು ತರಿಸಿದ್ದು ಕಟ್ಟುವುದಕ್ಕಲ್ಲ. ಸೀಲ್ ಒಡೆಯದೆ ಐದಾರು ವರ್ಷ ಸಜ್ಜದ ಮೇಲೆ ಇಟ್ಟು ಆಮೇಲೆ ಮಾರೋಣ ಅಂತ. ಆದರೆ ಈ ವ್ಯವಹಾರದಲ್ಲಿ ಸೀಲ್ ಇರುವ ಡಬ್ಬಕ್ಕೊಂದು ರೇಟು, ಡಬ್ಬ ಇಲ್ಲದ ಚೀಲಗಳಿಗೆ ಇನ್ನೊಂದು ರೇಟು. ಒಳಗಿನ ಪೀಸ್ ಎಲ್ಲ ಅವೇ ಆಗಿರಬಹುದು, ಒಂದು ಚೀಲವನ್ನೂ ಯಾರೂ ಮುಟ್ಟದೆ ಇರಬಹುದು. ಅದನ್ನ ಯಾರು ಕೇಳ್ತಾರೆ? ನನ್ನ ಲಾಭ ಪೂರ್ತಿ ನ್ಯೂಜೆರ್ಸಿಯ ಯಾವುದೋ ಕಸದ ತೊಟ್ಟಿಯಲ್ಲಿ ಬಿದ್ದಿತ್ತು.

ನಲವತ್ತು ದಾಟಿದವನಿಗೆ ಇದೆಂಥಾ ಮಕ್ಕಳಾಟ ಅಂತ ಅನ್ನಿಸಿದರೆ ತಪ್ಪೇನಿಲ್ಲ, ನನ್ನ ಹೆಂಡತಿಗೂ ಹಾಗೇ ಅನ್ನಿಸುತ್ತದೆ. ಡೆನ್ಮಾರ್ಕ್‌ನ ಬಿಲ್ಲುಂಡ್ ಅನ್ನೋ ಊರಿನಲ್ಲಿ ಒಬ್ಬ ಬಡಗಿ, ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್, 1932ರಲ್ಲಿ ಮರದ ಸಾಮಾನು ಮಾಡುತ್ತಾ ಶುರು ಮಾಡಿದ ಕಂಪನಿ ಈ ಲೆಗೊ. ಲೆಗೊ ಅನ್ನೋ ಹೆಸರು ಬಂದಿದ್ದು ಅವರ ಭಾಷೆಯಲ್ಲಿ 'ಚೆನ್ನಾಗಿ ಆಡು' ಅನ್ನೋ ಎರಡು ಪದಗಳಿಂದ. ಮೇಲೆ ಗುಬುಟು, ಒಳಗೆ ಕೊಳವೆ ಇರುವ ಈಗಿನ ಇಟ್ಟಿಗೆಗೆ ಪೇಟೆಂಟ್ ಹಾಕಿದ್ದು 1958ರ ಜನವರಿ 28ಕ್ಕೆ. ಆ ವರ್ಷದ ಇಟ್ಟಿಗೆ ಇವತ್ತು ಅಂಗಡಿಯಿಂದ ತಂದ ಇಟ್ಟಿಗೆಯ ಮೇಲೆ ಕೂರುತ್ತದೆ. ನನ್ನ ಹತ್ತು ವರ್ಷದ ಹಿಂದಿನ ಫೋನ್ ಚಾರ್ಜರ್ ಈಗಿನ ಫೋನಿಗೆ ಹೋಗಲ್ಲ. ದೊಡ್ಡವರು ಕೊಳ್ಳೋದು ಕಂಪನಿಗೂ ಗೊತ್ತು. 2020ರಿಂದ ಕಪ್ಪು ಡಬ್ಬದ ಮೇಲೆ 18+ ಅಂತಲೇ ಹಾಕಿ ಮಾರುತ್ತಿದ್ದಾರೆ.

ಹೊರದೇಶದ ಲೆಗೊ ಮಂದಿ 'ಡಾರ್ಕ್ ಏಜಸ್' ಅಂತ ಒಂದು ಮಾತು ಆಡುತ್ತಾರೆ. ಚಿಕ್ಕಂದಿನಲ್ಲಿ ಆಡಿ, ಕಾಲೇಜು, ಹುಡುಗಿಯರು, ಕೆಲಸ ಅಂತ ಬಿಟ್ಟು, ಮೂವತ್ತು ದಾಟಿದ ಮೇಲೆ ಮತ್ತೆ ವಾಪಸ್ ಬರುತ್ತಾರಲ್ಲ, ನಡುವಿನ ಆ ಕಾಲಕ್ಕೆ ಈ ಹೆಸರು. ನನಗೆ ಇದು ಹೊಂದುವುದೇ ಇಲ್ಲ. ಅರಸೀಕೆರೆಯಲ್ಲಿ ನಾನು ಆಡಿದ್ದು ಬೆಂಕಿಪೊಟ್ಟಣಗಳನ್ನು ದಾರದಲ್ಲಿ ಪೋಣಿಸಿದ ರೈಲು. ಜಂಕ್ಷನ್ ಊರಲ್ವಾ, ಎಲ್ಲ ಹುಡುಗರದ್ದೂ ರೈಲೇ. ಲೆಗೊ ಮೊದಲ ಸಲ ಕೈಗೆ ಸಿಕ್ಕಿದ್ದು ಮೂವತ್ಮೂರನೇ ವಯಸ್ಸಿಗೆ, ಅದೂ ಮಗಳ ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟಿದ್ದು. ಅವಳು ಎರಡು ದಿನ ಆಡಿ ಬಿಟ್ಟಳು, ನಾನು ಬಿಡಲಿಲ್ಲ.

ಸರಿ, ಮಾರುವ ಹುಚ್ಚು ಹೇಗೆ ಹತ್ತಿತು ಅಂತ ಹೇಳುತ್ತೇನೆ. ಕಂಪನಿ ಒಂದು ಸೆಟ್ಟನ್ನು ಒಂದೆರಡು ವರ್ಷ ಮಾರಿ ನಿಲ್ಲಿಸುತ್ತದೆ, ಇದಕ್ಕೆ 'ರಿಟೈರ್ ಆಯ್ತು' ಅನ್ನುತ್ತೇವೆ. ಆಮೇಲೆ ಬೇಕು ಅನ್ನುವವರು ಇರುವವರ ಹತ್ತಿರವೇ ಕೊಳ್ಳಬೇಕು. ಮೊದಲ ತಾಜ್‌ಮಹಲ್ ಬಂದಿದ್ದು 2008ರಲ್ಲಿ, ನಂಬರ್ 10189, 5,922 ಪೀಸ್, 299.99 ಡಾಲರ್. ಪೀಸ್ ಲೆಕ್ಕದಲ್ಲಿ ಆಗ ಅದೇ ಎಲ್ಲಕ್ಕಿಂತ ದೊಡ್ಡ ಸೆಟ್. ರಿಟೈರ್ ಆದ ಮೇಲೆ ಸೀಲ್ ಇರುವ ಡಬ್ಬಕ್ಕೆ ಸಾವಿರಾರು ಡಾಲರ್ ಕೊಡುವವರಿದ್ದರು. ನಾಲ್ಕೈದು ಡಬ್ಬ ಒಟ್ಟು ಹಾಕಿ ಮಗನ ಕಾಲೇಜು ಫೀಸಿಗೆ ಅಂತ ಇಟ್ಟುಕೊಂಡವರೂ ಇದ್ದರಂತೆ. 2017ರಲ್ಲಿ ಕಂಪನಿ ಅದನ್ನೇ ಹೊಸ ನಂಬರ್ ಹಾಕಿ ಮತ್ತೆ ಬಿಟ್ಟಿತು. ಒಂದೇ ಒಂದು ಪೀಸ್ ಜಾಸ್ತಿ! ಅಂಗಡಿಯಲ್ಲಿ 370 ಡಾಲರ್‌ಗೆ ಸಿಗುವುದಕ್ಕೆ ಸಾವಿರ ಯಾರು ಕೊಡುತ್ತಾರೆ? ಅದೇ ವರ್ಷ ಇನ್ನೊಂದು ಪೆಟ್ಟು. 2007ರ ದೊಡ್ಡ ಮಿಲೇನಿಯಂ ಫಾಲ್ಕನ್, ಸ್ಟಾರ್ ವಾರ್ಸ್ ಸಿನಿಮಾದ ಬಾಹ್ಯಾಕಾಶ ನೌಕೆಯ ಸೆಟ್, 500 ಡಾಲರ್‌ನದ್ದು, ಅದರ ರೇಟೂ ಹೀಗೇ ಮುಗಿಲು ಮುಟ್ಟಿತ್ತು. ಅದಕ್ಕೂ 7,541 ಪೀಸಿನ ಹೊಸ ಅವತಾರ ಬಂತು, ಬೆಲೆ 800 ಡಾಲರ್.

ಇಷ್ಟೆಲ್ಲ ಗೊತ್ತಿದ್ದೂ ನಾನು ತರಿಸಿದ್ದೇಕೆ? ಒಂದು ಸಲ ಮರಳಿ ಬಿಟ್ಟಿದ್ದನ್ನು ಇನ್ನೊಂದು ಸಲ ಬಿಡಲ್ಲ, ಇನ್ಮೇಲೆ ಏರೋದೇ ಅಂತ ನನ್ನ ಬುದ್ಧಿವಂತಿಕೆ. ಬೆಂಗಳೂರಿನಲ್ಲಿ ಸೈಟ್ ವಿಷಯದಲ್ಲೂ ನಾನು ಇಂಥದ್ದೇ ಲೆಕ್ಕ ಹಾಕಿ ಕೈ ಸುಟ್ಟುಕೊಂಡವನು, ಅದು ಬೇರೆ ಕತೆ.

ರಷ್ಯಾದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಇಬ್ಬರು 1987ರಿಂದ 2015ರವರೆಗಿನ ಎರಡು ಸಾವಿರಕ್ಕೂ ಹೆಚ್ಚು ಸೆಟ್‌ಗಳ ರೇಟು ನೋಡಿ, ವರ್ಷಕ್ಕೆ ಸರಾಸರಿ 11 ಪರ್ಸೆಂಟ್ ಗಿಟ್ಟುತ್ತದೆ ಅಂತ ಬರೆದಿದ್ದಾರೆ. ಚಿನ್ನಕ್ಕಿಂತ ವಾಸಿ ಅಂತ ಪೇಪರಿನಲ್ಲೆಲ್ಲ ಬಂತು. ಆ ಸುದ್ದಿಯನ್ನು ನನಗೆ ಕಳಿಸದ ಫ್ರೆಂಡೇ ಇಲ್ಲ. ಅವರಿಗೆಲ್ಲ ನಾನು ಹೇಳೋದು ಇಷ್ಟೇ: ಚಿನ್ನ ಬೀರುವಿನ ಮೂಲೆಯಲ್ಲಿ ಹಿಡಿಯುತ್ತೆ. ಇಪ್ಪತ್ತು ಲೆಗೊ ಡಬ್ಬಕ್ಕೆ ಒಂದು ರೂಮೇ ಬೇಕು. ಆ ರೂಮಿನ ಬಾಡಿಗೆ ಎಷ್ಟು? ಮಾರುವಾಗ ರಟ್ಟಿನ ಮೂಲೆ ಮಡಚದ ಹಾಗೆ ಪ್ಯಾಕ್ ಮಾಡಬೇಕು, ಡಬ್ಬದ ಸುತ್ತ ಇನ್ನೊಂದು ಡಬ್ಬ, ಕೊರಿಯರ್‌ಗೆ ಇನ್ನಷ್ಟು ದುಡ್ಡು. ಕೊಳ್ಳುವವರು ಆರೂ ಮುಖದ ಫೋಟೊ ಕೇಳುತ್ತಾರೆ, ಹೆಣ್ಣು ನೋಡೋಕೆ ಬಂದವರ ಥರ.

ಮಳೆಗಾಲದ ಮಾತಂತೂ ಬೇಡವೇ ಬೇಡ. ಒಂದು ಆಗಸ್ಟ್‌ನಲ್ಲಿ ಮೇಲಿನ ಮನೆಯ ಬಚ್ಚಲ ಪೈಪ್ ಸೋರಿ ನಮ್ಮ ಸಜ್ಜದ ಮೇಲಿದ್ದ ಮೂರು ಡಬ್ಬ ನೆನೆದವು. ನಮಗೆ ಗೊತ್ತಾಗಿದ್ದು ವಾಸನೆ ಬಂದ ಮೇಲೆ. ರಟ್ಟು ಉಬ್ಬಿ, ಪದರ ಬಿಟ್ಟು, ಹಪ್ಪಳದ ಹಾಗೆ ಕೈಗೆ ಬಂತು. ಒಳಗಿನ ಪ್ಲಾಸ್ಟಿಕ್‌ಗೆ ಏನೂ ಆಗಿರಲಿಲ್ಲ. ಅದು ಎಬಿಎಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್, ನಾನು ಸತ್ತು ಬೂದಿಯಾದ ಮೇಲೂ ಇರುತ್ತದೆ. ಒಂದು ಮಳೆಗೆ ಹೋಗುವ ರಟ್ಟಿನ ಮೇಲೆ ರೇಟು ನಿಂತಿದೆ, ನೂರು ವರ್ಷ ಬಾಳುವ ಇಟ್ಟಿಗೆಯ ಮೇಲಲ್ಲ. ಆ ಮೂರು ಸೆಟ್ ಅರ್ಧ ಬೆಲೆಗೆ ಹೋದವು. ಖಾಲಿ ಡಬ್ಬಗಳನ್ನೇ ಮಾರುವವರೂ ಇದ್ದಾರೆ, ಕೊಳ್ಳುವವರೂ ಇದ್ದಾರೆ. ನನ್ನ ತಾಜ್‌ಗೆ ಒಂದು ಖಾಲಿ ಡಬ್ಬ ತರಿಸಿದರೆ ಹೇಗೆ ಅಂತ ನಾನೂ ಒಂದು ರಾತ್ರಿ ಕೂತು ಹುಡುಕಿದ್ದೆ. ಅಂಚೆ ಖರ್ಚು ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ.

ಸೀಲ್ ಇದ್ದರೂ ನಂಬುವ ಹಾಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಬ್ಬರಿಂದ ಆನ್‌ಲೈನ್‌ನಲ್ಲಿ ಕೊಂಡ 'ಸೀಲ್ಡ್' ಡಬ್ಬದಲ್ಲಿ ಚೀಲವೆಲ್ಲ ಇತ್ತು, ನಾಲ್ಕು ಬೊಂಬೆ ಮಾತ್ರ ಇರಲಿಲ್ಲ. ತಳದ ಟೇಪನ್ನು ಬಿಸಿ ಗಾಳಿಯಲ್ಲೋ ಏನೋ ಬಿಡಿಸಿ ಮತ್ತೆ ಅಂಟಿಸಿದ್ದರು. ಜಗಳ ಮಾಡಿದೆ, ಉತ್ತರವೇ ಬರಲಿಲ್ಲ. ಕಳ್ಳರು ಬೊಂಬೆಯನ್ನೇ ಕದಿಯುವುದು ಸುಮ್ನೆ ಅಲ್ಲ. ಎಷ್ಟೋ ಸೆಟ್ಟಿನಲ್ಲಿ ಬೆಲೆಯ ದೊಡ್ಡ ಪಾಲು ಆ ನಾಲ್ಕು ಸೆಂಟಿಮೀಟರ್ ಎತ್ತರದ ಬೊಂಬೆಯದ್ದು, ಅದಕ್ಕೆ ಮಿನಿಫಿಗ್ ಅನ್ನುತ್ತೇವೆ. 2013ರಲ್ಲಿ ಕಂಪನಿ ಮಿಸ್ಟರ್ ಗೋಲ್ಡ್ ಅಂತ ಒಂದು ಚಿನ್ನದ ಬಣ್ಣದ ಬೊಂಬೆಯನ್ನು ಬರೀ 5,000 ಮಾಡಿ, ಒಳಗೇನಿದೆ ಅಂತ ಕಾಣದ ಚಿಕ್ಕ ಪೊಟ್ಟಣಗಳಲ್ಲಿ ಬೆರೆಸಿ ಬಿಟ್ಟಿತ್ತು. ಆಗ ಅಂಗಡಿಗಳಲ್ಲಿ ದೊಡ್ಡ ಗಂಡಸರು ನಿಂತು ಪೊಟ್ಟಣ ಒತ್ತಿ ಒತ್ತಿ ನೋಡುತ್ತಿದ್ದರು, ಬದನೆಕಾಯಿ ಆರಿಸಿದ ಹಾಗೆ.

ನಮ್ಮಲ್ಲಿ ಇನ್ನೊಂದು ತೊಡಕು. 2020ರ ಬಜೆಟ್‌ನಲ್ಲಿ ಆಟಿಕೆಯ ಆಮದು ಸುಂಕ 20ರಿಂದ 60 ಪರ್ಸೆಂಟ್ ಆಯಿತು, 2023ರಲ್ಲಿ 70. 2021ರ ಜನವರಿಯಿಂದ ಐಎಸ್‌ಐ ಗುರುತೂ ಕಡ್ಡಾಯ. ಹಾಗಾಗಿ ಇಲ್ಲಿಯ ಹವ್ಯಾಸಿಗಳ ಮೊದಲ ಪ್ರಶ್ನೆ ಯಾವ ಸೆಟ್ ಬಂತು ಅಂತಲ್ಲ, ಯಾರು ಯಾವಾಗ ಊರಿಗೆ ಬರ್ತಿದ್ದಾರೆ ಅಂತ.

ಇಷ್ಟಾದ ಮೇಲೆ ಸೀಲ್ ಡಬ್ಬದ ವ್ಯಾಪಾರ ನಾನು ಬಿಟ್ಟೆ. ಈಗ ಮಾಡುವುದು ಹಳೆಯ ಮಾಲು. ಮಕ್ಕಳು ದೊಡ್ಡವರಾದ ಮನೆಗಳು, ಊರು ಬಿಡುವ ಮನೆಗಳು, ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ "ಟಾಯ್ಸ್, ಗುಡ್ ಕಂಡಿಷನ್" ಅಂತ ಹಾಕುತ್ತಾರೆ. ಹೋಗಿ ತೂಕಕ್ಕೆ ತರುವುದು. ಎಂಟು ಗುಬುಟಿನ ಒಂದು ಇಟ್ಟಿಗೆ ಸುಮಾರು 2.3 ಗ್ರಾಂ, ಅಂದರೆ ಕೇಜಿಗೆ ನಾನೂರಕ್ಕೂ ಜಾಸ್ತಿ. ಕಳೆದ ತಿಂಗಳು ಆರು ಕೇಜಿ ಸಿಕ್ಕಿತು. ಲೆಗೊ ಜೊತೆಗೆ ಕ್ರೇಯಾನ್ ತುಂಡು, ಒಂದು ಕಿವಿಯೋಲೆ, ಇರುವೆ ಹತ್ತಿದ ಚಾಕೊಲೇಟ್, ಯಾರದ್ದೋ ಹಾಲುಹಲ್ಲು ಕೂಡ!

ಮೊದಲು ತೊಳೆಯುವುದು. ಸ್ಟಿಕ್ಕರ್ ಇರುವುದನ್ನು ಪಕ್ಕಕ್ಕಿಟ್ಟು, ಉಳಿದಿದ್ದನ್ನು ಸೋಪಿನ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಬೇಕು. 40 ಡಿಗ್ರಿ ದಾಟಬಾರದು, ದಾಟಿದರೆ ಆಕಾರ ಕೆಡಬಹುದು. ಆಮೇಲೆ ತಾರಸಿಯ ಮೇಲೆ ಹಳೆ ಪಂಚೆ ಹಾಸಿ ಹರಡುತ್ತೇನೆ. ಎದುರು ಮನೆ ಆಂಟಿ ಮೊದಲ ಸಲ ದೂರದಿಂದ ನೋಡಿ "ಸಂಡಿಗೆ ಹಾಕಿದ್ದೀರಾ, ಬಣ್ಣ ಬಣ್ಣದ್ದು?" ಅಂತ ಕೇಳಿದ್ದರು. ಸಂಡಿಗೆಗೆ ಬಿಸಿಲು ಬೇಕು, ಇದಕ್ಕೆ ಬೇಡ. ಬಿಸಿಲು ಬಿದ್ದರೆ ಬಿಳಿ ಇಟ್ಟಿಗೆ ಹಳೆ ಸ್ವಿಚ್‌ಬೋರ್ಡಿನ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ನೀರಿನ ಟ್ಯಾಂಕ್ ನೆರಳೇ ಗತಿ.

ಆಮೇಲೆ ಆರಿಸುವುದು. ಎಲ್ಲರೂ ಮೊದಲು ಬಣ್ಣದ ಪ್ರಕಾರ ಆರಿಸುತ್ತಾರೆ, ನಾನೂ ಹಾಗೇ ಮಾಡಿದ್ದೆ. ಕಪ್ಪು ರಾಶಿಯಲ್ಲಿ ಒಂದು ಚಿಕ್ಕ ಕಪ್ಪು ಪೀಸ್ ಹುಡುಕಿ ನೋಡಿ, ಅಮಾವಾಸ್ಯೆಯಲ್ಲಿ ಎಮ್ಮೆ ಹುಡುಕಿದ ಹಾಗೆ. ಆಕಾರದ ಪ್ರಕಾರ ಇಟ್ಟರೆ ಬಣ್ಣವನ್ನು ಕಣ್ಣೇ ಹಿಡಿಯುತ್ತದೆ. ಇದನ್ನ ನನಗೆ ಕಲಿಸಿದ್ದು ಅಮ್ಮ. ಎಪ್ಪತ್ತೊಂದು ವರ್ಷ, ಟೀವಿ ಮುಂದೆ ಮೊರ ಇಟ್ಟುಕೊಂಡು ಕೂರುತ್ತಾರೆ. ಅಸಲಿ ಲೆಗೊದ ಒಂದೊಂದು ಗುಬುಟಿನ ಮೇಲೂ ಕಂಪನಿ ಹೆಸರು ಉಬ್ಬಾಗಿ ಇರುತ್ತದೆ. ಕನ್ನಡಕ ಹಾಕಿದರೂ ಅಮ್ಮನಿಗೆ ಅದು ಕಾಣಲ್ಲ, ಹೆಬ್ಬೆರಳು ಸವರಿ ಹೇಳುತ್ತಾರೆ. "ಇದು ನುಣ್ಣಗಿದೆ ಕಣೋ, ಕಲ್ಲು" ಅಂತ ಪಕ್ಕಕ್ಕೆ ಎಸೆಯುತ್ತಾರೆ. ನಕಲಿ ಪೀಸಿಗೆ ನಮ್ಮ ಮನೆಯಲ್ಲಿ ಕಲ್ಲು ಅಂತಲೇ ಹೆಸರು. ಕಂದು ಬಣ್ಣದ ಹಳೆಯ ಪೀಸ್ ಬಂದರೆ ಮಾತ್ರ ನನಗೆ ಕೊಡುತ್ತಾರೆ, ಒಂದು ಕಾಲದ ಕಂದು ಮಾಲು ಸ್ವಲ್ಪ ಒತ್ತಿದರೂ ಚಿಟ್ ಅಂತ ಬಿರುಕು ಬಿಡುತ್ತದೆ.

ಆರು ಕೇಜಿಯಲ್ಲಿ ಕಲ್ಲು ತೆಗೆದು ಐದು ಉಳಿಯಿತು. ಮ್ಯಾನ್ಯುಯಲ್ ಎಲ್ಲ ಕಂಪನಿ ಸೈಟಿನಲ್ಲೇ ಸಿಗುತ್ತದೆ, ನೋಡಿಕೊಂಡು ಎರಡು ಸೆಟ್ ಪೂರ್ತಿ ಜೋಡಿಸಿದೆ. ಇನ್ನೊಂದಕ್ಕೆ ಎರಡು ಬಾಗಿಲು, ಒಂದು ಕಿಟಕಿ ಇಲ್ಲ. ಬ್ರಿಕ್‌ಲಿಂಕ್‌ನಲ್ಲಿ ಬಿಡಿ ಪೀಸ್ ಸಿಗುತ್ತದೆ. 2000ದಲ್ಲಿ ಒಬ್ಬ ಹವ್ಯಾಸಿ ಶುರು ಮಾಡಿದ ಆನ್‌ಲೈನ್ ಮಾರುಕಟ್ಟೆ ಅದು, 2019ರಲ್ಲಿ ಲೆಗೊ ಕಂಪನಿಯೇ ಕೊಂಡುಕೊಂಡಿತು. ಆದರೆ ಒಂದು ಬಾಗಿಲಿಗೆ ಯುರೋಪಿನಿಂದ ಪಾರ್ಸೆಲ್ ತರಿಸೋಕಾಗುತ್ತಾ? ಆರು ತಿಂಗಳ ಪಟ್ಟಿ ಒಟ್ಟು ಮಾಡಿ ಒಂದೇ ಸಲ ತರಿಸುತ್ತೇನೆ. ಗುರಾಣಿ ಸಮೇತ ಸಿಕ್ಕಿದ ಒಬ್ಬ ಹಳೆ ಸೈನಿಕ 1,200 ರೂಪಾಯಿಗೆ ಹುಬ್ಬಳ್ಳಿಯ ಒಬ್ಬರಿಗೆ ಹೋದ. ಒಟ್ಟು ಲೆಕ್ಕ ಹಾಕಿದರೆ ಹಾಕಿದ್ದು ವಾಪಸ್ ಬಂತು, ಮೇಲೆ ಎರಡು ಸಾವಿರ. ಎಷ್ಟು ಗಂಟೆ ಕೂತೆವು ಅಂತ ನಾನು ಬರೆದಿಡುವುದಿಲ್ಲ.

ತಾಜ್‌ಮಹಲ್ ಏನಾಯ್ತು ಅಂದರೆ, ವರ್ಷದ ಮೇಲೆ ಚೀಲಗಳು ಅಕ್ಕಿ ಡ್ರಮ್ಮಿನಲ್ಲೇ ಇದ್ದವು. 2020ರ ಲಾಕ್‌ಡೌನ್‌ನಲ್ಲಿ ತೆಗೆದು ಕಟ್ಟಿದೆ. ಇಪ್ಪತ್ತೆರಡು ರಾತ್ರಿ. ನಾಲ್ಕೂ ಬದಿ ಒಂದೇ ಥರ ಇರುವುದರಿಂದ ಒಂದು ಬದಿ ಕಟ್ಟಿ ಸಂಭ್ರಮಪಟ್ಟರೆ ಅದನ್ನೇ ಇನ್ನೂ ಮೂರು ಸಲ ಕಟ್ಟಬೇಕು, ಮಿನಾರು ಕೂಡ ನಾಲ್ಕು. ಬೋರು ಅಂತ ಬೈಯುವವರು ಬಹಳ ಜನ. ನನಗೆ ಮೂರನೇ ಬದಿಯ ಹೊತ್ತಿಗೆ ಮ್ಯಾನ್ಯುಯಲ್ ನೋಡುವುದೇ ಬೇಡವಾಯಿತು, ಕೈ ತಾನೇ ಹೋಗುತ್ತಿತ್ತು, ಆ ವರ್ಷ ಅಷ್ಟು ನೆಮ್ಮದಿ ಬೇರೆಲ್ಲೂ ಸಿಗಲಿಲ್ಲ. ಮುಂದಿನ ವರ್ಷ ಕಂಪನಿ 2,022 ಪೀಸಿನ ಚಿಕ್ಕ ತಾಜ್ ಒಂದನ್ನು ಬಿಟ್ಟಿತು. ನಾನು ನೋಡಿ ನಕ್ಕೆ, ಈ ಸಲ ನಿಜವಾಗಿಯೂ.

ಅರ್ಧ ಮೀಟರ್ ಅಗಲದ ಮಹಲು ಈಗ ಹೊಲಿಗೆ ಮೆಷಿನ್ ಮೇಲಿದೆ. ಅಮ್ಮ ವಾರಕ್ಕೊಮ್ಮೆ ಪೇಂಟ್ ಬ್ರಷ್‌ನಲ್ಲಿ ಧೂಳು ತೆಗೆಯುತ್ತಾರೆ. ಬ್ಲೌಸಿಗೆ ಹೊಲಿಗೆ ಹಾಕಬೇಕಾದಾಗ ಅದನ್ನು ಎತ್ತಿ ಮಂಚದ ಮೇಲಿಡುವ ಕೆಲಸ ನನ್ನದು. ಕೊಡ್ತೀರಾ ಅಂತ ಹೋದ ವಾರ ಚೆನ್ನೈನಿಂದ ಒಬ್ಬರು ಮೆಸೇಜ್ ಮಾಡಿದ್ದರು. ಒಳ್ಳೆ ರೇಟೇ ಹೇಳಿದರು. ಎರಡನೇ ಮೆಸೇಜ್‌ನಲ್ಲಿ "ಬಾಕ್ಸ್ ಇದೆಯಾ ಸರ್?" ಅಂತ ಇತ್ತು. ಇನ್ನೂ ಉತ್ತರ ಕೊಟ್ಟಿಲ್ಲ.