ಐಸಿಯು ಮುಂದೆ ಕೂತಾಗ ನೆನಪಾಗುವ ನಾಯಿ

ತೀರ್ಥಹಳ್ಳಿ, ಹೊಸನಗರದ ಕಡೆ ಯಾರಿಗಾದರೂ ಎದೆನೋವು ಬಂತೆಂದರೆ ರಾತ್ರೋರಾತ್ರಿ ಕಾರು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೊರಡುತ್ತೆ. ಮನೆಗೆ ಬೀಗ. ಕಟ್ಟಿದ ನಾಯಿ ನೆನಪಾಗೋದು ಮರುದಿನ. ತೋಟದ ನಡುವಿನ ಒಂಟಿ ಮನೆ, ಬೊಗಳಿದರೆ ಯಾರಿಗೆ ಕೇಳಬೇಕು?

ಗಟ್ಟಿಮುಟ್ಟಾಗಿರುವಾಗಲೇ ಇಬ್ಬರಿಗೆ ಹೇಳಿಟ್ಟಿರಿ. ಒಬ್ಬರು ಸಾಲದು, ಅಡಿಕೆ ಕೊಯ್ಲಿನಲ್ಲಿ ಆ ಒಬ್ಬರು ಸಿಗಲ್ಲ. ಒಂದು ಬೀಗದ ಕೈ ಅವರ ಹತ್ತಿರ ಇರಲಿ. ನಾಯಿ ಮೊದಲೇ ಆಗಾಗ ಅವರ ಕೈಯಿಂದ ಉಂಡಿರಬೇಕು, ಇಲ್ಲದಿದ್ದರೆ ಅನ್ನ ತಂದವರನ್ನೇ ಅಂಗಳಕ್ಕೆ ಬಿಡಲ್ಲ.

ಅಡುಗೆಮನೆ ಬಾಗಿಲಿಗೆ ಒಂದು ಚೀಟಿ ಅಂಟಿಸಿ: ಹೊತ್ತಿಗೆ ಎಷ್ಟು ಊಟ, ಮಾತ್ರೆಯ ಹೆಸರು, ಎಷ್ಟು ಎಂಜಿ, ರೇಬೀಸ್ ಲಸಿಕೆ ಹಾಕಿಸಿದ ತಾರೀಖು, ಪಶುವೈದ್ಯರ ನಂಬರ್. ‘ಬಿಳಿ ಮಾತ್ರೆ ಅರ್ಧ’ ಅಂತ ಬರೆದರೆ ದಂಡ. ನಂಬರ್ ಮೊಬೈಲಿನಲ್ಲಿದೆ ಅನ್ನಬೇಡಿ, ಮೊಬೈಲ್ ಲಾಕ್ ಆಗಿ ರೋಗಿಯ ದಿಂಬಿನಡಿ ಇರುತ್ತೆ. ಒಂದು ವಾರದ ತಿಂಡಿ ಡಬ್ಬಿಯಲ್ಲಿರಲಿ. ದಿಢೀರನೆ ಊಟ ಬದಲಾದರೆ ನಾಯಿಗೆ ಭೇದಿ.

ಬೆಕ್ಕಿನ ಲೆಕ್ಕ ಬೇರೆ. ಹೊಸಬರನ್ನು ಕಂಡರೆ ಅಟ್ಟ ಸೇರಿ ಇಳಿಯಲ್ಲ. ಎರಡು ದಿನ ಏನೂ ತಿನ್ನದಿದ್ದರೆ ವೈದ್ಯರಿಗೆ ತೋರಿಸಿ; ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಲಿವರ್‌ಗೆ ಕೊಬ್ಬು ತುಂಬಿಕೊಳ್ಳುತ್ತೆ. ಮಂಕಾಗಿದೆ ಅಂತ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ, ಅದು ಬೆಕ್ಕಿಗೆ ವಿಷ.

ಕತ್ತಲಾದ ಮೇಲೆ ನಾಯಿ ಒಳಗಿರಲಿ, ಚಿರತೆಗೆ ಕಟ್ಟಿದ ನಾಯಿ ಸುಲಭದ ತುತ್ತು. ಕೊಟ್ಟಿಗೆಯಲ್ಲಿ ಕರೆಯುವ ಹಸುವಿದ್ದರೆ ಅದೇ ಮೊದಲು: ಹಾಲು ಕರೆಯದೆ ಬಿಟ್ಟರೆ ಕೆಚ್ಚಲು ಬಾವು. ಅಂಥ ತುರ್ತಿಗೆ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.