ಫಿಲಿಪ್ಸ್ ಯಂತ್ರ, 4ನೇ ಕಂತು: ಎಲ್ಲ ಆ ಅರ್ಧ ಸೆಂಟಿಮೀಟರಿನದೇ ಕಾಟ

ದೇಶದ ಹಣದ ಹರಿವನ್ನು ನೀರಿನಲ್ಲಿ ತೋರಿಸುವ ಫಿಲಿಪ್ಸ್ ಯಂತ್ರದ ನಕಲೊಂದನ್ನು ಮನೆಯಲ್ಲೇ ಕಟ್ಟುತ್ತಿದ್ದೇನೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಅಳತೆ ಜಾಡಿ ಹಿಡಿದುಕೊಂಡೇ ಕೂಗಿಬಿಟ್ಟೆ. ಮನೆಯವಳು ನೆಲ ಒರೆಸುವ ಬಟ್ಟೆ ಸಮೇತ ಓಡಿ ಬಂದಳು. ಸೋರಿರಲಿಲ್ಲ! ತೊಟ್ಟಿಯ ಮಟ್ಟ ಎರಡರಷ್ಟಾದಾಗ ಹೊರಬೀಳುವ ನೀರೂ ಸರಿಯಾಗಿ ಎರಡರಷ್ಟಾಗಿತ್ತು. ಆರು ವಾರದಿಂದ ಬೇಕಿದ್ದದ್ದು ಇಷ್ಟೇ.

ತೊಟ್ಟಿ ಅಂಟಿಸಿದ್ದು, ಪಂಪು ಕೂರಿಸಿದ್ದು, ನೀರಿಗೆ ಕೆಂಪು ಬಣ್ಣ ಹಾಕಿದ್ದು ಎಲ್ಲ ಬಿಟ್ಟುಬಿಡುತ್ತೇನೆ, ನಿಮಗೆ ಗೊತ್ತಿರುವುದೇ.

ಹೊಸಬರಿಗೆ ಎರಡು ಮಾತು. ಬಿಲ್ ಫಿಲಿಪ್ಸ್ ನ್ಯೂಜಿಲೆಂಡಿನವನು, ಮೊದಲು ಎಂಜಿನಿಯರು. ದೇಶದ ಆದಾಯ, ತೆರಿಗೆ, ಉಳಿತಾಯ, ಹೂಡಿಕೆ ಎಲ್ಲವನ್ನೂ ಬಣ್ಣದ ನೀರಿನಲ್ಲಿ ಹರಿಸಿ ತೋರಿಸುವ ಯಂತ್ರವನ್ನು 1949ರ ಬೇಸಿಗೆಯಲ್ಲಿ ಲಂಡನ್ ಪಕ್ಕದ ಕ್ರಾಯ್ಡನ್‌ನ ಒಂದು ಗ್ಯಾರೇಜಿನಲ್ಲಿ ಕಟ್ಟಿದ. ಎತ್ತರ ಸುಮಾರು 2 ಮೀಟರ್. ಗೆಳೆಯ ವಾಲ್ಟರ್ ನ್ಯೂಲಿನ್ ಆಗ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. ತನ್ನ ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥ ಆರ್ಥರ್ ಬ್ರೌನ್ ಅವರನ್ನು ಒಪ್ಪಿಸಿ 100 ಪೌಂಡ್ ಕೊಡಿಸಿದ, ತಾನೂ ಬಂದು ಕೈಜೋಡಿಸಿದ. ಆ ಮೊದಲ ಯಂತ್ರ ಲೀಡ್ಸ್‌ಗೇ ಹೋಯಿತು. ಈಗ ಅಲ್ಲಿನ ಬಿಸಿನೆಸ್ ಸ್ಕೂಲಿನಲ್ಲಿ ಇಟ್ಟಿದ್ದಾರೆ. ವಿಭಾಗದ ಚರಿತ್ರೆ ಅಂದರೆ ಯಾರು ಯಾವಾಗ ಮುಖ್ಯಸ್ಥರಾಗಿದ್ದರು ಅನ್ನೋ ಪಟ್ಟಿ ತಾನೇ? ನನಗಂತೂ ಆ ಪಟ್ಟಿಗಿಂತ ಈ 100 ಪೌಂಡಿನ ಕತೆಯೇ ಇಷ್ಟ. ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಕೊಯ್ಯುತ್ತಿರುವವನಿಗೆ ದುಡ್ಡು ಕೊಡೋ ಮುಖ್ಯಸ್ಥರು ಎಷ್ಟು ಜನ ಸಿಗ್ತಾರೆ?

ಇನ್ನು ನನ್ನ ಗೋಳು. ಕೆಳಗಿನ ತೊಟ್ಟಿಯಲ್ಲಿರುವುದು ಚಲಾವಣೆಯ ಹಣ. ಅದು ಎಷ್ಟಿದೆಯೋ ಅದಕ್ಕೆ ತಕ್ಕಂತೆ ಆದಾಯ ಹೊರಗೆ ಹರಿಯಬೇಕು. ಕೇಳಲು ಸುಲಭ. ಆದರೆ ಕೆರೆ ಕಂಡವರಿಗೆ ಗೊತ್ತು, ತೂಬಿನ ಲೆಕ್ಕವೇ ಬೇರೆ, ಕೋಡಿಯ ಲೆಕ್ಕವೇ ಬೇರೆ. ತಳದಲ್ಲಿ ತೂತು ಕೊರೆದರೆ ಮಟ್ಟ ಎರಡರಷ್ಟಾದಾಗ ನೀರು 1.41 ಪಟ್ಟು ಮಾತ್ರ. ಉದ್ದಕ್ಕೆ ನೇರ ಸೀಳು ಕೊಯ್ದರೆ 2.83 ಪಟ್ಟು. ನಾನು ಕೊಯ್ದಿದ್ದು 3 ಮಿ.ಮೀ. ಸೀಳು: 4 ಸೆಂ.ಮೀ. ಮಟ್ಟದಲ್ಲಿ 10 ಸೆಕೆಂಡಿಗೆ 420 ಮಿ.ಲೀ., 8ರಲ್ಲಿ ಹತ್ತಿರ ಹತ್ತಿರ 1200. ಇಂಥ ದೇಶ ನಡೆಸೋದು ಯಾರಿಗೂ ಸಾಧ್ಯವಿಲ್ಲ.

ಔಷಧಿ ಸುಟ್ರೋ ಸೀಳು, ಮಟ್ಟಕ್ಕೆ ಸರಿಯಾದ ಪ್ರಮಾಣದಲ್ಲೇ ನೀರು ಬಿಡುವ ಆಕಾರದ ಕಿಂಡಿ. ಕೆಳಗೆ ಅಗಲ, ಮೇಲಕ್ಕೆ ಹೋದಂತೆ ಕಿರಿದು. ಫೈಲ್ ಕಳಿಸಿದೆ. ಲೇಸರ್ ಕಟಿಂಗ್ ಅಂಗಡಿಯವನು 5 ಮಿ.ಮೀ. ಅಕ್ರಿಲಿಕ್ ಪ್ಲಾಸ್ಟಿಕ್ ಹಾಳೆಗೆ ದುಡ್ಡು ತಗೊಂಡು 4ರದ್ದು ಹಾಕಿದ, ಸಾಲದ್ದಕ್ಕೆ ಪಕ್ಕದ ಕಿಂಡಿಯನ್ನು ತಲೆಕೆಳಗಾಗಿ ಕೊಯ್ದ. ಕೇಳಿದರೆ, 'ತಿರುಗಿಸಿ ಹಾಕ್ಕೊಳ್ಳಿ ಸಾರ್.' ತಿರುಗಿಸಿದರೆ ಬೋಲ್ಟಿನ ತೂತು ಕೂರಬೇಡವಾ?

ಹೇಗೋ ಜೋಡಿಸಿದೆ. ಅಷ್ಟು ದಪ್ಪ ಹಾಳೆಯ ಸಣ್ಣ ಸೀಳಿಗೆ ನೀರು ಅಂಟಿಕೊಂಡೇ ನಿಂತಿತು. ಯಾರೋ ಹೇಳಿದರು, ಪಾತ್ರೆ ತೊಳೆಯುವ ಸೋಪು ಒಂದು ಹನಿ ಹಾಕಿ ಅಂತ. ಹಾಕಿದೆ. ಪಂಪು ಸುಮ್ನಿರುತ್ತಾ? ಹಣದುಬ್ಬರ ನೋಡಲು ಹೊರಟವನಿಗೆ ನೊರೆಯುಬ್ಬರ ಸಿಕ್ಕಿತು. ತೊಳೆಯಲು ಎರಡು ಭಾನುವಾರ ಹೋದವು. ಕೊನೆಗೆ ಅಕ್ರಿಲಿಕ್‌ನಲ್ಲಿ ದೊಡ್ಡ ಕಿಂಡಿ ಬಿಟ್ಟು, ಅದರ ಮೇಲೆ ತೆಳು ಹಿತ್ತಾಳೆ ತಗಡಿನಲ್ಲಿ ಸೀಳು ಕೊಯ್ದು ಕೂರಿಸಿದೆ. ನೀರು ಅಂಚು ಬಿಟ್ಟು ಚಂದವಾಗಿ ಹಾರಿತು.

(ತಗಡು ಉಜ್ಜುತ್ತಾ ಕೂತಾಗ ಇನ್ನೊಂದು ಹುಳ ತಲೆಗೆ ಹೊಕ್ಕಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರಜ್ಞ ಅರ್ವಿಂಗ್ ಫಿಶರ್ 1893ರಲ್ಲೇ ತೊಟ್ಟಿ, ಸನ್ನೆಗೋಲು ಇಟ್ಟು ಮಾರುಕಟ್ಟೆಯ ಬೆಲೆ ತೋರಿಸುವ ನೀರಿನ ಯಂತ್ರ ಕಟ್ಟಿಸಿದ್ದ. ಮರಗೆಲಸ ಬಲ್ಲವರು ಯಾರಾದರೂ ಜೊತೆಗೆ ಬರ್ತೀರಾ? ಮನೆಯಲ್ಲಿ ಇನ್ನೂ ಹೇಳಿಲ್ಲ.)

ಆದರೂ ಲೆಕ್ಕ ಕೂಡಲಿಲ್ಲ. ಎರಡರಷ್ಟಲ್ಲ, 2.14 ಬರುತ್ತಿತ್ತು. ಹತ್ತು ಸಲ ಅಳೆದರೂ ಅದೇ. ತಗಡು ಮೂರು ಸಲ ಹೊಸದಾಗಿ ಕೊಯ್ದೆ. ತಪ್ಪಿದ್ದದ್ದು ತಗಡಿನಲ್ಲಲ್ಲ, ಅಳತೆಪಟ್ಟಿಯಲ್ಲಿ! ಈ ಸೀಳಿನ ಸೊನ್ನೆ ತಳದ ಅಂಚಿನಲ್ಲಿ ಇರೋದಿಲ್ಲ. ಕೆಳಗಿನ ಆಯತ ಭಾಗದ ಎತ್ತರದಲ್ಲಿ ಮೂರನೇ ಒಂದು ಪಾಲು ಮೇಲಿರುತ್ತದೆ. ನನ್ನದರಲ್ಲಿ ಆ ಎತ್ತರ 1.5 ಸೆಂ.ಮೀ., ಅದರ ಮೂರನೇ ಒಂದು ಪಾಲು ಅಂದರೆ ಅರ್ಧ ಸೆಂಟಿಮೀಟರ್. ಪಟ್ಟಿಯನ್ನು ಅಷ್ಟು ಮೇಲೆ ಅಂಟಿಸಿದೆ. 4ಕ್ಕೆ 410, 8ಕ್ಕೆ 835. ಕೂಗಿದ್ದು ಆಗಲೇ.

ಈಗ ಬಡ್ಡಿ ದರದ ತೇಲುಬುರುಡೆಯ ದಾರ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತಿದೆ. ಬಡ್ಡಿ ಇಳಿಯುತ್ತದೆ, ಹೂಡಿಕೆಯ ಬಾಗಿಲು ಮಾತ್ರ ತೆರೆಯೋದಿಲ್ಲ. ಮೀನಿನ ಗಾಳದ ದಾರ ತಂದಿಟ್ಟಿದ್ದೇನೆ, ಶನಿವಾರ ಬದಲಿಸುತ್ತೇನೆ.